ಹೊಸದಾಗಿ ನೆಟ್ಟ ದ್ರಾಕ್ಷಿ ಸಸಿಗಳಿಗೆ ನೀರು ಮತ್ತು ಗೊಬ್ಬರ

ಬೆಂಗಳೂರಿಗೆ ಉತ್ತರದಲ್ಲಿರುವ ಯಲಹಂಕ, ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಸೀಮೆಯಲ್ಲಿ ನೀಲಿ ದ್ರಾಕ್ಷಿಯ ಬೇಸಾಯವು ಬಹುಕಾಲದಿಂದ ರೂಢಿಯಲ್ಲಿರುವುದು. ಈ ಹಣ್ಣಿಗೆ 2013ರಲ್ಲಿ ಬೆಂಗಳೂರಿನ ಹೆಸರಿನಿಂದಲೇ ಭೌಗೋಳಿಕ ಸೂಚಕದ ನೋಂದಣಿಯೂ ದೊರೆತಿದೆ. ಯಲಹಂಕಕ್ಕೆ ಸೇರಿದಂತಿರುವ ಪುಟ್ಟೇನಹಳ್ಳಿಯ ಹೊಲಗಳಲ್ಲಿ ಈಗ ಮನೆಗಳೆದ್ದಿವೆ. ಅಲ್ಲಿಯ ಕೆರೆಯು 2015ರಲ್ಲಿ ಪಕ್ಷಿಗಳ ಸಂರಕ್ಷಣೆಗೆ ಮೀಸಲಾಯಿತು. ಆದರೆ ಆ ಊರನ್ನು ದಾಟಿ ದೇವನಹಳ್ಳಿಯ ಕಡೆಗೆ ಹೋದಂತೆ ಕಲ್ಲುಕಂಬದ ದ್ರಾಕ್ಷಿ ಚಪ್ಪರಗಳು ಇನ್ನೂ ಕಾಣಸಿಗುವುವು. ಆ ಭಾಗದಲ್ಲಿ ಜಮೀನು ಉಳ್ಳವರಿಗೂ, ಹಳೆಯ ಚಪ್ಪರದಲ್ಲಿ ಸತ್ತ ಬಳ್ಳಿಯ ಸ್ಥಳಕ್ಕೆ ಹೊಸ ಸಸಿಯನ್ನಿಡುವವರಿಗೂ ಈ ವಿಷಯವು ಉಪಯುಕ್ತವಾದೀತು.

ಚಪ್ಪರದ ಕಲ್ಲು ತಂತಿಗಳಿಗೆ ಸಾಲವೆತ್ತಿ ಹಣ ಹಾಕಿದ ಒಕ್ಕಲಿಗೆ ಒಂದು ಸಸಿ ಸತ್ತರೆ ಹೋಗುವುದು ಸಸಿಯ ಬೆಲೆ ಮಾತ್ರವಲ್ಲ. ಆ ಕುಣಿಯ ಒಂದು ವರ್ಷದ ಬೆಳವಣಿಗೆಯೇ ಹೋದಂತೆ. ಹೀಗೆ ಮೊದಲೆರಡು ತಿಂಗಳಲ್ಲಿ ಸಾಯುವ ಸಸಿಗಳನ್ನು ಕಿತ್ತು ನೋಡಿದರೆ, ಬಾಯಾರಿ ಸತ್ತವುಗಳ ಜೊತೆಗೆ ಅತಿಯಾದ ನೀರಿನಿಂದಲೂ ಅಕಾಲದ ಗೊಬ್ಬರದಿಂದಲೂ ಸತ್ತವು ಸಿಕ್ಕೇ ಸಿಕ್ಕುವುವು. ಒಕ್ಕಲು ಅಕ್ಕರೆಯಿಂದಲೇ ಅವನ್ನು ಕೊಂದಿರುತ್ತಾನೆ.

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಕಡ್ಡಿಯ ಸ್ವಭಾವವನ್ನು ಅರಿಯಬೇಕು. ಬೀಜದಿಂದ ಹುಟ್ಟಿದ ಗಿಡವು ಮೊದಲು ಬೇರನ್ನು ಇಳಿಸಿ ಅನಂತರ ಎಲೆ ತೆಗೆಯುವುದು. ಬಳ್ಳಿಯಿಂದ ಕತ್ತರಿಸಿದ ಕಡ್ಡಿಯಾದರೋ ತನ್ನೊಳಗೆ ಕೂಡಿಟ್ಟ ಹಿಟ್ಟಿನ ಅಂಶದ ಬಲದಿಂದ ಅನೇಕವೇಳೆ ಬೇರಿಗಿಂತ ಮುಂಚೆಯೇ ಚಿಗುರುವುದು. ಹಸುರು ಎಲೆಗಳನ್ನು ಕಂಡವರು ಸಸಿಯು ಹಿಡಿಯಿತೆಂದು ಸಂತೋಷಪಟ್ಟು ಯೂರಿಯವನ್ನು ಬುಡಕ್ಕೆ ಹಾಕುವರು. ಹದಿನೈದು ದಿನಗಳಲ್ಲಿ ಚಿಗುರು ಬಾಡುವುದು. ಪಾತಿಯಲ್ಲಿ ಬೇರುಬಿಟ್ಟ ಸಸಿಯನ್ನು ತಂದು ನೆಟ್ಟಾಗಲೂ ಕೀಳುವ ಪೆಟ್ಟಿಗೆ ನವುರಾದ ಬೇರುಗಳೆಲ್ಲ ಕಡಿದುಹೋಗಿರುವುದರಿಂದ ಸ್ಥಿತಿಯು ಹೆಚ್ಚು ಬೇರೆಯಾಗಿರುವುದಿಲ್ಲ. ಉಪ್ಪು ಬೆರೆಸಿದ ಮಾವಿನ ಹೋಳು ನೀರು ಬಿಡುವುದನ್ನು ಎಲ್ಲರೂ ಕಂಡಿರುವರು. ಗೊಬ್ಬರದ ಉಪ್ಪು ಹೆಚ್ಚಾದ ಮಣ್ಣಿನಲ್ಲಿ ಎಳೆಬೇರಿಗೂ ಅದೇ ಗತಿ.

ಆದ್ದರಿಂದ ನೆಡುವಾಗ ಕುಣಿಯಲ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮೇಲ್ಮಣ್ಣಿನೊಡನೆ ಬೆರೆಸಿ ತುಂಬಿದರೆ ಆರಂಭಕ್ಕೆ ಸಾಕು. ಕೈಗೆ ಬಿಸಿ ತಾಗುವ ಹಸಿ ಗೊಬ್ಬರವನ್ನು ಹಾಕಕೂಡದು. ಅದು ಬೇರನ್ನು ಸುಡುವುದಲ್ಲದೆ ಗೆದ್ದಲನ್ನೂ ಕರೆಯುವುದು. ಹೊಸದಾಗಿ ಹೊರಟ ಕುಡಿಯು ಒಂದು ಗೇಣು ಬೆಳೆದು, ಐದಾರು ಎಲೆಗಳು ಪೂರ್ತಿ ಬಿಚ್ಚಿಕೊಂಡು, ತುದಿಯು ದಿನದಿನಕ್ಕೆ ಮುಂದುವರಿಯುತ್ತಿದ್ದರೆ ಮಾತ್ರ ಬೇರು ಕೆಲಸಕ್ಕೆ ತೊಡಗಿತೆಂದು ನಂಬಬಹುದು. ಆಗ 10 ಲೀಟರು ನೀರಿಗೆ 10 ಗ್ರಾಂ ಯೂರಿಯ ಕರಗಿಸಿ, ಮೊದಲೇ ಒದ್ದೆಯಾಗಿರುವ ಮಣ್ಣಿಗೆ, ಸಸಿಯೊಂದಕ್ಕೆ ಅರ್ಧ ಕೊಡದಂತೆ ಹದಿನೈದು ದಿನಕ್ಕೊಮ್ಮೆ ಕೊಡಬಹುದು. ಒಣ ನೆಲಕ್ಕೆ ಗೊಬ್ಬರದ ನೀರನ್ನು ಎಂದಿಗೂ ಹಾಕತಕ್ಕದ್ದಲ್ಲ. ಬೇರು ಬಿಡಿಸುವ ಔಷಧಗಳೆಂದು ಸಂತೆಗಳಲ್ಲಿ ಮಾರುವ ಸೀಸೆಗಳಿಗೆ ಹಣ ಸುರಿಯುವ ಅವಶ್ಯಕತೆಯೂ ಇಲ್ಲ. ನೀಲಿ ದ್ರಾಕ್ಷಿಯು ಸುಲಭವಾಗಿ ಬೇರುಬಿಡುವ ಜಾತಿ.

ನೀರಿನ ವಿಚಾರವು ಇನ್ನೂ ಸೂಕ್ಷ್ಮವಾದುದು. ನೆಟ್ಟ ದಿನ ಮಣ್ಣು ಬೇರಿಗೆ ಅಂಟಿಕೊಳ್ಳುವಂತೆ ಧಾರಾಳವಾಗಿ ನೀರು ಕೊಡಬೇಕು. ಅನಂತರ ಇಂತಿಷ್ಟು ದಿನಕ್ಕೊಮ್ಮೆಯೆಂದು ಲೆಕ್ಕವಿಡುವುದಕ್ಕಿಂತ ಮಣ್ಣನ್ನು ಕೇಳುವುದು ಮೇಲು. ಬುಡದಿಂದ ಗೇಣು ದೂರದಲ್ಲಿ ಗೇಣು ಆಳದ ಮಣ್ಣನ್ನು ತೆಗೆದು ಮುಷ್ಟಿಯಲ್ಲಿ ಹಿಸುಕಿ ನೋಡಬೇಕು. ಉಂಡೆಯಾಗಿ ನಿಂತರೆ ನೀರು ಬೇಡ; ಉಂಡೆಕಟ್ಟದೆ ಉದುರಿಹೋದರೆ ಅರ್ಧ ಕೊಡ ಕೊಡಬಹುದು. ಈ ಸೀಮೆಯ ಕೆಂಪು ಗೋಡಿನಲ್ಲಿ ಬಿಸಿಲಿನ ದಿನಗಳಲ್ಲಿ ಇದು ಎರಡು ಮೂರು ದಿನಕ್ಕೊಮ್ಮೆ ಬಂದೀತು. ಕೆರೆಯ ಹಿಂದಿನ ಜೇಡಿನೆಲದಲ್ಲಿ ವಾರವೇ ಹಿಡಿಯಬಹುದು.

ಮಧ್ಯಾಹ್ನ ಎಲೆ ಜೋತುಬಿದ್ದ ಮಾತ್ರಕ್ಕೆ ಪಂಪನ್ನು ಚಾಲೂ ಮಾಡುವುದು ಸರಿಯಲ್ಲ. ಸಂಜೆಗೆ ಎಲೆ ಎದ್ದು ನಿಂತರೆ ಅದು ಬಿಸಿಲಿನ ಬಳಲಿಕೆ. ಬೆಳಗಿನ ಜಾವದಲ್ಲಿಯೂ ಬಾಡಿದ್ದರೆ ಬೇರಿನ ಕಡೆಗೆ ಗಮನಕೊಡಬೇಕು. ಆಗಲೂ ಮೊದಲು ಮಣ್ಣನ್ನು ಹಿಸುಕಿ ನೋಡುವುದೇ ವಿವೇಕ. ಏಕೆಂದರೆ ನೀರು ನಿಂತ ನೆಲದಲ್ಲಿ ಗಾಳಿಯಿಲ್ಲದೆ ಬೇರು ಕೊಳೆತ ಸಸಿಯೂ ಬಾಯಾರಿದ ಸಸಿಯಂತೆಯೇ ಬಾಡುವುದು. ಅದಕ್ಕೆ ಮತ್ತೆ ನೀರೆರೆದರೆ ಉಳಿದ ಬೇರೂ ಹೋಗುವುದು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಈ ಭಾಗಕ್ಕೆ ಜೋರು ಮಳೆ ಬರುವುದರಿಂದ, ಆಗ ನೆಟ್ಟವರು ಕುಣಿಯ ಮಣ್ಣನ್ನು ನೆಲದ ಮಟ್ಟಕ್ಕಿಂತ ಸ್ವಲ್ಪ ಏರಿಸಿ ನೀರು ಹರಿದುಹೋಗಲು ದಾರಿಮಾಡತಕ್ಕದ್ದು.

ಬುಡಕ್ಕೆ ಹೊದಿಕೆ ಹಾಕಿದರೆ ನೀರಿನ ಖರ್ಚು ಎಷ್ಟೋ ಉಳಿಯುವುದು. ರಾಗಿಹುಲ್ಲು ದನಗಳ ಮೇವು. ಅದನ್ನು ಇದಕ್ಕೆ ವ್ಯಯಮಾಡುವುದು ಯುಕ್ತವಲ್ಲ. ಒಣಗಿದ ಹೊಂಗೆಯ ಎಲೆ, ತೆಂಗಿನ ಗರಿಗಳು ಸಾಕು. ಹೊದಿಕೆಯು ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟಿರಲಿ.

ಎಲೆಯ ಬಣ್ಣವೂ ಬಹಳಷ್ಟನ್ನು ಹೇಳುವುದು. ಕೆಳಗಿನ ಹಳೆಯ ಎಲೆಗಳು ಒಂದೇಸಮನೆ ಹಳದಿಯಾದರೆ ಸಾರಜನಕದ ಕೊರತೆ. ತುದಿಯ ಹೊಸ ಎಲೆಯಲ್ಲಿ ನರಗಳು ಹಸುರಾಗಿಯೇ ಇದ್ದು ನಡುವೆ ಹಳದಿ ತಿರುಗಿದರೆ ಕಬ್ಬಿಣದ ಕೊರತೆಯಿರಬಹುದು. ನೀರು ನಿಂತ ನೆಲದಲ್ಲಿಯೂ ಸುಣ್ಣದ ಅಂಶ ಹೆಚ್ಚಿದ ನೆಲದಲ್ಲಿಯೂ ಇದು ಕಾಣುವುದು. ಎಲೆಯ ಅಂಚು ಸುಟ್ಟಂತೆ ಕಂದಾದರೆ ಉಪ್ಪಿನ ಬಗ್ಗೆ ಸಂಶಯಪಡಬೇಕು. ಆಳವಾದ ಕೊಳವೆಬಾವಿಗಳನ್ನೇ ನಂಬಿರುವ ಈ ಸೀಮೆಯಲ್ಲಿ ತೋಟ ಹಾಕುವ ಮುಂಚೆ ನೀರನ್ನೂ ಮಣ್ಣನ್ನೂ ಪರೀಕ್ಷೆ ಮಾಡಿಸುವುದು ಅಗತ್ಯ. ಹೆಬ್ಬಾಳದಲ್ಲಿ 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆಯಲ್ಲಿ ಆರಂಭವಾದ ಪ್ರಯೋಗಕ್ಷೇತ್ರದ ಪರಂಪರೆಯಲ್ಲಿಯೇ 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಇಷ್ಟು ಸಮೀಪದಲ್ಲಿ ಇಂಥ ಸಂಸ್ಥೆಯಿರಲು ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ನೀರು ಸವುಳಾಗಿದ್ದರೆ ಡಾಗ್‌ರಿಡ್ಜ್ ಎಂಬ ಬೇರುಗಿಡದ ಮೇಲೆ ಕಸಿಮಾಡಿದ ಸಸಿಗಳನ್ನು ತರುವ ವಿಚಾರವನ್ನು ಅಲ್ಲಿಯ ತಜ್ಞರೊಡನೆ ಮಾತನಾಡಬಹುದು.

ಹನಿ ನೀರಾವರಿಯುಳ್ಳವರು ಮೊದಲು ಹನಿಯು ಬುಡದ ಹತ್ತಿರವೇ ಬೀಳುವಂತೆ ಇಡಬೇಕು. ಕುಡಿಯು ಬಿದಿರ ಕಡ್ಡಿಯನ್ನು ಹಿಡಿದು ಮೊಳಕಾಲೆತ್ತರ ಬಂದ ಮೇಲೆ ಅದನ್ನು ಒಂದಡಿ ಆಚೆಗೆ ಸರಿಸತಕ್ಕದ್ದು. ತೇವವು ಎಲ್ಲಿಯವರೆಗೆ ಹರಡಿರುವುದೋ ಅಲ್ಲಿಯವರೆಗೆ ಬೇರು ಚಾಚುವುದು.