ಹಳೆ ಎಂಜಿನ್ನಿಗೆ ಹೊಸ ಹೆಡ್ಡು

1948ರ ಶೆವರ್ಲೆ ಕಾರಿನಲ್ಲಿ ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತ ಎಂಜಿನ್ ಇತ್ತು. ಗಾತ್ರ ಸುಮಾರು ಮೂರೂವರೆ ಲೀಟರ್, ಬಲ 90 ಅಶ್ವಶಕ್ತಿ. ಅದೇ ವರ್ಷ ಲಂಡನ್ನಿನ ಮೋಟಾರು ಮೇಳದಲ್ಲಿ ಜಾಗ್ವಾರ್ ಕಂಪನಿ ತನ್ನ ಎಕ್ಸ್‌ಕೆ ಎಂಜಿನ್ನನ್ನು ಜನರ ಮುಂದಿಟ್ಟಿತು. ಅದೂ ಸಾಲು ಆರೇ. ಗಾತ್ರದಲ್ಲಿ ಶೆವರ್ಲೆಗಿಂತ ತುಸು ಚಿಕ್ಕದು, 3.4 ಲೀಟರ್. ಬಲ ಮಾತ್ರ 160 ಅಶ್ವಶಕ್ತಿ. ಜಾಗ್ವಾರ್ ಎಂಜಿನ್ ಹೆಚ್ಚು ವೇಗದಲ್ಲಿ ತಿರುಗುತ್ತಿತ್ತು, ಗಾಳಿ ಪೆಟ್ರೋಲಿನ ಮಿಶ್ರಣವನ್ನು ಹೆಚ್ಚು ಒತ್ತುತ್ತಿತ್ತು ಎಂಬುದು ನಿಜ. ಆದರೆ ಅಷ್ಟು ವೇಗದಲ್ಲೂ ಅದಕ್ಕೆ ಉಸಿರು ಕಟ್ಟದ ಹಾಗೆ ನೋಡಿಕೊಂಡದ್ದು ಮೇಲೆ ಕೂತಿದ್ದ ಸಿಲಿಂಡರ್ ಹೆಡ್.

ನಮ್ಮ ಲಾರಿ ಮಾಲೀಕರಿಗೆ ಹೆಡ್ ಎಂದರೆ ಖರ್ಚಿನ ಸುದ್ದಿ. ‘ಹೆಡ್ ಇಳಿಸಬೇಕು’ ಎಂದು ಮೇಸ್ತ್ರಿ ಹೇಳಿದರೆ ಆ ವಾರದ ಬಾಡಿಗೆ ಹೋಯಿತೆಂದೇ ಲೆಕ್ಕ. ಬ್ಲಾಕಿನ ಮೇಲೆ ಬೋಲ್ಟು ಹಾಕಿ ಬಿಗಿದ ಈ ಉದ್ದನೆಯ ಎರಕದೊಳಗೆ ಗಾಳಿ ಬರುವ ದಾರಿ, ಹೊಗೆ ಹೋಗುವ ದಾರಿ, ಅವುಗಳನ್ನು ತೆರೆದು ಮುಚ್ಚುವ ವಾಲ್ವುಗಳು, ಕಾವು ಇಳಿಸುವ ನೀರಿನ ಓಣಿಗಳು ಎಲ್ಲವೂ ಇಕ್ಕಟ್ಟಿನಲ್ಲಿ ಹೆಣೆದುಕೊಂಡಿರುತ್ತವೆ. ಕಾರು ಕಂಪನಿಗಳು ದುಡ್ಡು ಉಳಿಸಲು ಕೈಹಾಕಿದ್ದೂ ಇಲ್ಲೇ. ಕ್ರ್ಯಾಂಕ್‌ಶಾಫ್ಟ್, ಬೇರಿಂಗುಗಳನ್ನು ಗಟ್ಟಿಯಾಗಿ ಮಾಡಿ, ಹೆಡ್ಡನ್ನು ಸಾಧ್ಯವಾದಷ್ಟು ಸರಳವಾಗಿ ಎರಕ ಹೊಯ್ದು ಮುಗಿಸಿದವು. ಅಮೆರಿಕದ ಫೋರ್ಡ್ ತನ್ನ 1960ರ ಫಾಲ್ಕನ್ ಕಾರಿನ ಆರು ಸಿಲಿಂಡರ್ ಎಂಜಿನ್ನಿಗೆ ಗಾಳಿಯ ಕೊಳವೆಯನ್ನೂ ಹೆಡ್ಡಿನ ಜೊತೆಯಲ್ಲೇ ಒಂದೇ ಎರಕವಾಗಿ ಹೊಯ್ದುಬಿಟ್ಟಿತು. ಬಿಚ್ಚಿ ಬದಲಿಸೋಣವೆಂದರೂ ದಾರಿಯಿಲ್ಲ.

ಈ ಕೊರತೆಯನ್ನು ತಮ್ಮ ಕೈಯಾರೆ ತುಂಬಿಕೊಂಡವರ ಚರಿತ್ರೆ ಆಸ್ಟ್ರೇಲಿಯಾದಲ್ಲಿ ತುಂಬ ಸೊಗಸಾಗಿದೆ. 1948ರ ನವೆಂಬರ್ 29ರಂದು ಅಲ್ಲಿನ ಪ್ರಧಾನಿ ಬೆನ್ ಚಿಫ್ಲಿ ಮೆಲ್ಬರ್ನ್‌ನಲ್ಲಿ ಹೋಲ್ಡನ್ 48-215 ಕಾರನ್ನು ಬಿಡುಗಡೆ ಮಾಡಿದರು. ಅದರ ಎಂಜಿನ್ನಿಗೆ ಬೂದು ಬಣ್ಣ ಬಳಿದಿದ್ದರಿಂದ ಜನರ ಬಾಯಲ್ಲಿ ಅದು ‘ಗ್ರೇ ಮೋಟಾರ್’ ಆಯಿತು. 132.5 ಘನ ಅಂಗುಲ, ಅಂದರೆ 2.2 ಲೀಟರಿಗೆ ಸ್ವಲ್ಪ ಕಡಿಮೆ, 60 ಅಶ್ವಶಕ್ತಿ. ದೂಳು ತುಂಬಿದ ಹಳ್ಳಿರಸ್ತೆಗಳಲ್ಲಿ ಕುಟುಂಬವನ್ನು ಹೊತ್ತು ತಿರುಗಲು ಅಷ್ಟು ಸಾಕಾಗಿತ್ತು. ರೇಸಿಗೆ ಇಳಿದವರಿಗೆ ಸಾಲಲಿಲ್ಲ.

ತೊಂದರೆ ಗಾಳಿಯ ದಾರಿಯಲ್ಲಿತ್ತು. ಆರು ಸಿಲಿಂಡರುಗಳಿಗೆ ಗಾಳಿ ಒಳಬರಲು ಇದ್ದದ್ದು ಮೂರೇ ಪೋರ್ಟುಗಳು, ಅಂದರೆ ಮೂರೇ ದಾರಿಗಳು. ಒಂದೇ ನಲ್ಲಿಗೆ ಎರಡು ಮನೆಯವರು ಕೊಡ ಹಿಡಿದ ಹಾಗೆ ಎರಡೆರಡು ಸಿಲಿಂಡರುಗಳು ಒಂದೊಂದು ಪೋರ್ಟನ್ನು ಹಂಚಿಕೊಳ್ಳಬೇಕು. ಇಂಥ ಎಂಜಿನ್ ಉರಿಯುವ ಕ್ರಮ 1-5-3-6-2-4. ಒಂದು ಸುತ್ತಿನ ಕೆಲಸ ಮುಗಿಯಲು ಕ್ರ್ಯಾಂಕ್ 720 ಡಿಗ್ರಿ ತಿರುಗುತ್ತದೆ. ನಡುವಿನ 3 ಮತ್ತು 4ರ ಸರದಿಗಳ ನಡುವೆ ಸಮನಾಗಿ 360 ಡಿಗ್ರಿ ಅಂತರವಿದೆ, ಜಗಳವಿಲ್ಲ. ಮೊದಲ ಜೋಡಿಯಲ್ಲಿ ಹಾಗಲ್ಲ. 2ನೇ ಸಿಲಿಂಡರ್ ಗಾಳಿ ಎಳೆಯಲು ತೊಡಗಿದ 240 ಡಿಗ್ರಿಗೇ 1ನೆಯದರ ಸರದಿ ಬಂದುಬಿಡುತ್ತದೆ. 5 ಮತ್ತು 6ರ ಕಥೆಯೂ ಇದೇ. ಮನೆಬಳಕೆಯ ಕಾರಿನಲ್ಲಿ ಇದು ಅಷ್ಟಾಗಿ ತೋರುವುದಿಲ್ಲ. ರೇಸಿಗೆಂದು ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಹಾಕಿದಿರೋ, ಒಂದು ಇನ್ನೂ ಎಳೆಯುತ್ತಿರುವಾಗಲೇ ಇನ್ನೊಂದು ಬಾಯಿ ತೆರೆದು ಅದರ ಪಾಲನ್ನು ಕಸಿಯುತ್ತದೆ. ಎಷ್ಟು ಕಾರ್ಬ್ಯುರೇಟರ್ ಜೋಡಿಸಿದರೂ ಇದಕ್ಕೆ ಪೂರ್ತಿ ಪರಿಹಾರ ಸಿಗದು. ಹೆಡ್ಡನ್ನೇ ಹೊಸದಾಗಿ ಮಾಡಬೇಕು.

ಮಾಡಿದವರಲ್ಲಿ ಮೊದಲು ಹೇಳಬೇಕಾದ ಹೆಸರು ಫಿಲ್ ಇರ್ವಿಂಗ್. 1903ರಲ್ಲಿ ಆಸ್ಟ್ರೇಲಿಯಾದಲ್ಲೇ ಹುಟ್ಟಿದ ಇವರು ಇಂಗ್ಲೆಂಡಿಗೆ ಹೋಗಿ ವಿನ್ಸೆಂಟ್ ಮೋಟಾರ್ ಸೈಕಲ್ಲುಗಳ ಎಂಜಿನ್ ರೂಪಿಸಿ ಹೆಸರು ಮಾಡಿದ್ದರು. ತಾಯ್ನಾಡಿಗೆ ಮರಳಿದ ಮೇಲೆ 1950ರ ದಶಕದಲ್ಲಿ, ಮೆಲ್ಬರ್ನ್‌ನ ರೆಪ್ಕೊ ಕಂಪನಿಯಲ್ಲಿ ಹೋಲ್ಡನ್ ಎಂಜಿನ್ನಿಗೆ ‘ಹೈ ಪವರ್’ ಹೆಡ್ ವಿನ್ಯಾಸ ಮಾಡಿದರು. ಮೂಲ ಹೆಡ್ಡಿನಲ್ಲಿ ಗಾಳಿ ಬರುವುದೂ ಹೊಗೆ ಹೋಗುವುದೂ ಒಂದೇ ಪಕ್ಕದಿಂದ. ಇರ್ವಿಂಗ್ ಅವೆರಡನ್ನೂ ಬೇರ್ಪಡಿಸಿ ಈ ಪಕ್ಕದಿಂದ ಗಾಳಿ, ಆ ಪಕ್ಕಕ್ಕೆ ಹೊಗೆ ಎಂದು ವಿಂಗಡಿಸಿದರು. ವಾಲ್ವುಗಳನ್ನು ವಾಲಿಸಿ, ಉರಿಯುವ ಕೋಣೆಗೆ ಗುಮ್ಮಟದ ಆಕಾರ ಕೊಟ್ಟರು. ವಾಲ್ವು ಎತ್ತುವ ಕ್ಯಾಮ್‌ಶಾಫ್ಟ್ ಬ್ಲಾಕಿನಲ್ಲಿ ಇದ್ದಲ್ಲೇ ಉಳಿಯಿತು, ಅದರ ತಳ್ಳನ್ನು ಮೇಲಕ್ಕೆ ಮುಟ್ಟಿಸುವ ಪುಶ್‌ರಾಡ್ ಕಡ್ಡಿಗಳೂ ಉಳಿದವು. ಹೋಲ್ಡನ್ ಇಟ್ಟುಕೊಂಡ ಸಾಮಾನ್ಯ ಮನುಷ್ಯ ಹೊಸ ಬ್ಲಾಕು ಕೊಳ್ಳದೆ ಜೋಡಿಸಬಹುದಾದ ಹೆಡ್ಡು ಅದು. ಇರ್ವಿಂಗ್ ಅವರ ದೊಡ್ಡತನ ನನಗೆ ಕಾಣುವುದು ಈ ಸಂಯಮದಲ್ಲಿ.

ಸಿಡ್ನಿಯಲ್ಲಿ ಕ್ಯಾಮ್‌ಶಾಫ್ಟ್ ಕೆಲಸದಲ್ಲಿ ಪಳಗಿದ್ದ ಮರ್ವ್ ವ್ಯಾಗಟ್ ಇನ್ನೂ ಮುಂದೆ ಹೋದರು. ಪುಶ್‌ರಾಡುಗಳ ಸಹವಾಸವೇ ಬೇಡವೆಂದು ಅದೇ ಗ್ರೇ ಮೋಟಾರಿಗೆ ಎರಡು ಕ್ಯಾಮ್‌ಶಾಫ್ಟುಗಳ ಹೆಡ್ ಕಟ್ಟಿದರು. ಬ್ಲಾಕಿನೊಳಗಿನ ಹಳೆ ಕ್ಯಾಮಿಗೆ ವಾಲ್ವು ಎತ್ತುವ ಕೆಲಸ ತಪ್ಪಿತು. ಪುಶ್‌ರಾಡ್ ಬಿಡುವುದರಿಂದ ಆಗುವ ಲಾಭ ದೊಡ್ಡದು. ಆರು ಸಿಲಿಂಡರಿಗೆ ಹನ್ನೆರಡು ಕಡ್ಡಿಗಳು ಹೆಡ್ಡಿನ ಒಂದು ಪಕ್ಕದುದ್ದಕ್ಕೂ ಬೇಲಿ ಕಟ್ಟಿದಂತೆ ನಿಂತಿರುತ್ತವೆ, ಪೋರ್ಟುಗಳು ಅವುಗಳ ಸಂದಿಯಲ್ಲಿ ನುಸುಳಬೇಕು. ಅವನ್ನು ತೆಗೆದರೆ ಪೋರ್ಟು ನೇರವಾಗಿ, ಅಗಲವಾಗಿ ಇಳಿಯಬಹುದು.

ಅಗಲದ ಬಗ್ಗೆ ಒಂದು ಎಚ್ಚರಿಕೆ. ಹೆಡ್ ಕೆಲಸಕ್ಕೆ ಹೊಸಬರಾದವರು ಗ್ರೈಂಡರ್ ಹಿಡಿದು ಪೋರ್ಟನ್ನು ಕೊರೆದದ್ದೇ ಕೊರೆದದ್ದು. ದಾರಿ ಅತಿ ದೊಡ್ಡದಾದರೆ ಗಾಳಿಯ ಓಟ ನಿಧಾನವಾಗಿ, ಕಡಿಮೆ ವೇಗದಲ್ಲಿ ಎಂಜಿನ್ ಎಳೆಯುವುದನ್ನೇ ಮರೆಯುತ್ತದೆ. ಪಳಗಿದವರು ಮೊದಲು ನೋಡುವುದು ಪೋರ್ಟು ಕೆಳಗೆ ಬಾಗಿ ವಾಲ್ವಿನ ಕಡೆ ಇಳಿಯುವ ಒಳತಿರುವನ್ನು. ಅಲ್ಲಿ ಮೂಲೆ ಚೂಪಾಗಿದ್ದರೆ ಗಾಳಿ ಗೋಡೆ ಬಿಟ್ಟು ಸುಳಿಯಾಗಿ ಅರ್ಧ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ಕೈಬೆರಳು ಒಳಗೆ ತೂರಿಸಿ ಆ ತಿರುವನ್ನು ಸವರಿ, ಒಂದು ಚಿಟಿಕೆ ಲೋಹ ತೆಗೆದು, ಫ್ಲೋ ಬೆಂಚಿನ ಮೇಲಿಟ್ಟು ಎಷ್ಟು ಗಾಳಿ ಹಾದುಹೋಯಿತೆಂದು ಅಳೆದು, ಮತ್ತೆ ಸವರುವುದು. ಆರೂ ಪೋರ್ಟುಗಳ ಅಳತೆ ಒಂದೇ ಆಗುವ ತನಕ ಇದೇ ಕೆಲಸ. ಜಾಗ್ವಾರ್ ಹೆಡ್ಡಿನ ಹಿಂದೆಯೂ ಗಾಳಿಯ ಹರಿವನ್ನು ಅಳೆಯುವುದನ್ನೇ ಕಸುಬು ಮಾಡಿಕೊಂಡ ಹ್ಯಾರಿ ವೆಸ್ಲೇಕ್ ಇದ್ದರು.

ಇಡೀ ಹೆಡ್ಡನ್ನೇ ಹೊಸದಾಗಿ ಹೊಯ್ಯುವುದು ಬೇರೆಯದೇ ತಪಸ್ಸು. ಬೆಳಗಾವಿಯ ಫೌಂಡ್ರಿಗಳಲ್ಲಿ ದುಡಿದವರಿಗೆ ಈ ಮಾತು ಚೆನ್ನಾಗಿ ಗೊತ್ತು. ಮೊದಲು ಮರದ ಪ್ಯಾಟರ್ನ್ ಆಗಬೇಕು, ಅದೂ ಬೇಕಾದ ಅಳತೆಗಿಂತ ದೊಡ್ಡದಾಗಿ. ಅಲ್ಯೂಮಿನಿಯಂ ಆರಿದಾಗ ಮೀಟರಿಗೆ ಸುಮಾರು 13 ಮಿಲಿಮೀಟರ್ ಕುಗ್ಗುತ್ತದೆ. ಪೋರ್ಟಿಗೊಂದು, ನೀರಿನ ಓಣಿಗೊಂದು ಮರಳಿನ ಕೋರ್ ಮಾಡಿ ಅಚ್ಚಿನೊಳಗೆ ಕೂರಿಸಬೇಕು. ಒಂದು ಕೋರ್ ಸ್ವಲ್ಪ ಸರಿದರೂ ಪೋರ್ಟಿನ ಗೋಡೆ ತೆಳುವಾಗಿ, ಮುಂದೆಂದೋ ನೀರು ಒಳಗೆ ಜಿನುಗುತ್ತದೆ. ಎರಕ ಬಂದ ಮೇಲೆ ಶಾಖ ಕೊಟ್ಟು ಗಟ್ಟಿ ಮಾಡುವುದು, ವಾಲ್ವು ಕೂರುವ ಜಾಗಕ್ಕೆ ಗಡುಸು ಲೋಹದ ಉಂಗುರಗಳನ್ನು ಬಿಗಿಯಾಗಿ ಒತ್ತುವುದು, ಮಿಲ್ಲಿಂಗ್ ಯಂತ್ರದಲ್ಲಿ ಮೈಯನ್ನು ಸಪಾಟು ಮಾಡುವುದು, ಹೀಗೆ ಕೆಲಸ ಮುಂದುವರಿಯುತ್ತದೆ.

ಇಷ್ಟರ ನಡುವೆ ಬ್ಲಾಕಿನ ಯಜಮಾನಿಕೆ ತಪ್ಪದು. ಬೋಲ್ಟು ಎಲ್ಲಿರಬೇಕು, ನೀರು ಎಲ್ಲಿಂದ ಮೇಲೇರಬೇಕು ಎಂಬುದನ್ನು ಕಾರ್ಖಾನೆ ಎಂದೋ ತೀರ್ಮಾನಿಸಿಯಾಗಿದೆ. ಸಾಲು ಆರಿನ ಉದ್ದವೂ ಒಂದು ಕಾಟ. ಕಾವಿಗೆ ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸರಿಸುಮಾರು ಎರಡರಷ್ಟು ಹಿಗ್ಗುತ್ತದೆ. 700 ಮಿಲಿಮೀಟರ್ ಉದ್ದದ ಹೆಡ್ಡು 80 ಡಿಗ್ರಿ ಬಿಸಿಯೇರಿದರೆ ಕೆಳಗಿನ ಕಬ್ಬಿಣದ ಬ್ಲಾಕಿಗಿಂತ ಅರ್ಧ ಮಿಲಿಮೀಟರಿಗೂ ಹೆಚ್ಚು ಉದ್ದವಾಗಲು ಹವಣಿಸುತ್ತದೆ. ಎಂಜಿನ್ ಬಿಸಿಯಾಗಿ ಆರಿದಾಗಲೆಲ್ಲ ಆ ಎಳೆದಾಟವನ್ನು ತಡೆದುಕೊಳ್ಳುವುದು ನಡುವಿನ ಗ್ಯಾಸ್ಕೆಟ್.

ಅಮೆರಿಕದಲ್ಲೂ ಈ ಹಾದಿ ಹಿಡಿದವರಿದ್ದರು. ಕ್ಯಾಲಿಫೋರ್ನಿಯಾದ ವೇಯ್ನ್ ಹಾರ್ನಿಂಗ್ ಎರಡನೇ ಮಹಾಯುದ್ಧದ ನಂತರ ಶೆವರ್ಲೆ ಮತ್ತು ಜಿಎಂಸಿ ಆರು ಸಿಲಿಂಡರ್ ಎಂಜಿನ್ನುಗಳಿಗೆ ಗಾಳಿಗೆ ಆರು, ಹೊಗೆಗೆ ಆರು ಎಂದು ಹನ್ನೆರಡು ಬೇರೆಬೇರೆ ಪೋರ್ಟುಗಳಿರುವ ಹೆಡ್ಡುಗಳನ್ನು ಮಾಡಿದರು. ವಿ8 ಎಂಜಿನ್ನುಗಳ ಅಬ್ಬರದಲ್ಲಿ ಆ ಕೆಲಸ ಸಲ್ಲಬೇಕಾದಷ್ಟು ಸುದ್ದಿಯಾಗಲಿಲ್ಲ.

ಇರ್ವಿಂಗ್ ಅವರ ಕೈಚಳಕ ಮಾತ್ರ ಜಗತ್ತಿನ ಅತಿ ಎತ್ತರದ ರೇಸಿನ ತನಕ ಏರಿತು. 1966ರ ಫಾರ್ಮುಲಾ ಒನ್ ಪಂದ್ಯಾವಳಿಗೆ ರೆಪ್ಕೊ ಒಂದು ಎಂಜಿನ್ ಕಟ್ಟಬೇಕಾಗಿ ಬಂದಾಗ ಅವರು ಓಲ್ಡ್ಸ್‌ಮೊಬೈಲ್ ಕಾರಿನ ಅಲ್ಯೂಮಿನಿಯಂ ವಿ8 ಬ್ಲಾಕನ್ನು ಎತ್ತಿಕೊಂಡು ಅದಕ್ಕೆ ತಮ್ಮದೇ ಹೆಡ್ಡುಗಳನ್ನು ಕಟ್ಟಿದರು. ಹೋಲ್ಡನ್ನಿಗೆ ಮಾಡಿದ್ದರ ದೊಡ್ಡ ರೂಪವೆಂದೇ ನಾನು ಅದನ್ನು ನೋಡುತ್ತೇನೆ. ಅದೇ ಎಂಜಿನ್ನಿನಿಂದ ಚಾಲಕ ಜ್ಯಾಕ್ ಬ್ರಾಭಮ್ ಆ ವರ್ಷ ತಮ್ಮದೇ ಹೆಸರಿನ ಕಾರಿನಲ್ಲಿ ವಿಶ್ವ ಚಾಂಪಿಯನ್ ಆದರು. ವ್ಯಾಗಟ್ ತಾವೇ ಕಟ್ಟಿದ ಎರಡು ಲೀಟರಿನ ಎಂಜಿನ್ 1970 ಮತ್ತು 1971ರಲ್ಲಿ ಆಸ್ಟ್ರೇಲಿಯಾದ ರೇಸು ಚಾಲಕರ ಗೋಲ್ಡ್ ಸ್ಟಾರ್ ಪ್ರಶಸ್ತಿಯನ್ನು ಗೆಲ್ಲಿಸಿಕೊಟ್ಟಿತು.

ಹೋಲ್ಡನ್ ಕಂಪನಿ ತನ್ನ ಸಾಲು ಆರಿಗೆ ಹನ್ನೆರಡು ಪೋರ್ಟಿನ ಹೆಡ್ಡು ಕೊಟ್ಟದ್ದು 1980ರಲ್ಲಿ. 1986ರಲ್ಲಿ ಆ ಎಂಜಿನ್ನನ್ನು ಬಿಟ್ಟು ಕಮೊಡೋರ್ ಕಾರಿಗೆ ನಿಸಾನ್‌ನ ಮೂರು ಲೀಟರಿನ ಆರ್‌ಬಿ30 ಹಾಕಿತು. ಅದೂ ಸಾಲು ಆರು, ಹೆಡ್ಡಿನಲ್ಲಿ ಒಂದೇ ಕ್ಯಾಮ್. ಆಸ್ಟ್ರೇಲಿಯಾದ ಗ್ಯಾರೇಜುಗಳಲ್ಲಿ ಇವತ್ತಿಗೂ ಆ ಬ್ಲಾಕಿನ ಮೇಲೆ ನಿಸಾನ್‌ನದೇ ಸ್ಕೈಲೈನ್ ಕಾರಿನ ಎರಡು ಕ್ಯಾಮಿನ ಹೆಡ್ಡನ್ನು ಕೂರಿಸುತ್ತಾರೆ. ಬ್ಲಾಕು ಎತ್ತರವಾದ್ದರಿಂದ ಉದ್ದನೆಯ ಟೈಮಿಂಗ್ ಬೆಲ್ಟ್ ಹುಡುಕಬೇಕು, ಆಯಿಲ್ ಏರುವ ರಂಧ್ರಗಳನ್ನು ಹೊಸದಾಗಿ ಹೊಂದಿಸಬೇಕು.