ಬಳ್ಳಾರಿಯಿಂದ ನೇಪಾಳಕ್ಕೆ ಬೈಕಿನಲ್ಲಿ: ಮೊದಲ ವಿದೇಶ ಸವಾರಿಯ ತಯಾರಿ

ಹುಬ್ಬಳ್ಳಿಯ ಕ್ಯಾಂಡಿಡಾ ಲೂಯಿಸ್ 2018ರಲ್ಲಿ ಬೆಂಗಳೂರಿನಿಂದ ಬೈಕ್ ಏರಿ ಸಿಡ್ನಿವರೆಗೆ ಹೋದರು. ಅಂಥ ಸುದ್ದಿ ಕೇಳಿದಾಗ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಹುಡುಗ ಹುಡುಗಿಯರಿಗೂ ಗಡಿ ದಾಟುವ ಆಸೆ ಮೂಡುವುದು ಸಹಜ. ಅವರಿಗೆ ಮೊದಲ ವಿದೇಶವಾಗಿ ನಾನು ಹೇಳುವುದು ನೇಪಾಳ. ವೀಸಾ ಬೇಡ, ನಮ್ಮ ಲೈಸೆನ್ಸ್ ನಡೆಯುತ್ತದೆ, ಅಲ್ಲೂ ರಸ್ತೆಯ ಎಡಕ್ಕೇ ಗಾಡಿ ಓಡಿಸುತ್ತಾರೆ, ತಕ್ಕಮಟ್ಟಿಗೆ ಹಿಂದಿ ಬಂದರೆ ಸಾಕು. ಹಾಗಿದ್ದೂ ಇಂಥ ಪ್ರಯಾಣ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಕಾಗದಪತ್ರ ಸರಿ ಇರುವುದಿಲ್ಲ, ಇಲ್ಲವೇ ದಿನದ ಲೆಕ್ಕ ತಪ್ಪಿರುತ್ತದೆ. ಯಾವ ಬೈಕು ಎನ್ನುವುದು ಆಮೇಲಿನ ಮಾತು.

ಯಾವಾಗ ಹೊರಡುವುದು

ಮಳೆಗಾಲದಲ್ಲಿ ನೇಪಾಳದ ಬೆಟ್ಟದ ರಸ್ತೆಗಳಲ್ಲಿ ಗುಡ್ಡ ಕುಸಿಯುತ್ತದೆ. ಅಕ್ಟೋಬರ್–ನವೆಂಬರ್, ಮಾರ್ಚ್–ಏಪ್ರಿಲ್ ಒಳ್ಳೆಯ ಕಾಲ. ಸಿರುಗುಪ್ಪದ ಭತ್ತದ ರೈತರಿಗೆ ನಾಟಿ ಮುಗಿದು ಕೊಯ್ಲು ಬರುವ ಮುಂಚಿನ ಅಕ್ಟೋಬರ್ ಹೊಂದುತ್ತದೆ. ಆದರೆ ನೇಪಾಳದಲ್ಲಿ ದಶೈಂ ಹಬ್ಬದ ವಾರ ಗ್ಯಾರೇಜು, ಅಂಗಡಿಗಳು ಮುಚ್ಚಿರುತ್ತವೆ. ಆ ದಿನಗಳನ್ನು ಬಿಡಿ. ದಸರಾ–ದೀಪಾವಳಿ ವ್ಯಾಪಾರ ಬಿಡಲಾಗದ ಬಳ್ಳಾರಿಯ ಜೀನ್ಸ್ ಕೆಲಸದವರಿಗೆ ಮಾರ್ಚ್ ವಾಸಿ. ಏಪ್ರಿಲ್ ಕೊನೆಗೆ ತಳ್ಳಿದರೆ ದಾರಿಯಲ್ಲಿ ನಾಗಪುರದ ಬಿಸಿಲು ಸುಡುತ್ತದೆ.

ದಿನದ ಲೆಕ್ಕ

ಬಳ್ಳಾರಿ, ಕುರುಗೋಡಿನವರು ಗುಂತಕಲ್, ಗುತ್ತಿ ಮೂಲಕ ರಾಷ್ಟ್ರೀಯ ಹೆದ್ದಾರಿ 44 ಸೇರಬೇಕು. ಸಿರುಗುಪ್ಪದವರಿಗೆ ಆದೋನಿ ಮೇಲೆ ಕರ್ನೂಲು ಹತ್ತಿರ. ಅಲ್ಲಿಂದ ಹೈದರಾಬಾದ್, ನಾಗಪುರ, ಜಬಲ್ಪುರ, ರೀವಾ, ವಾರಾಣಸಿ, ಗೋರಖಪುರ ದಾಟಿದರೆ ಸುನೌಲಿ ಗಡಿ. ಒಟ್ಟು ಸುಮಾರು 2,000 ಕಿಲೋಮೀಟರ್. ದಿನಕ್ಕೆ 400ರಂತೆ ಐದು ದಿನ ಹೋಗಲು, ಐದು ದಿನ ಬರಲು.

ಗಡಿಯಾಚೆ ಈ ಲೆಕ್ಕ ನಡೆಯದು. ಗಡಿ ದಾಟಿದೊಡನೆ ಸಿಗುವ ಭೈರಹವಾದಿಂದ ಪೋಖರಾಕ್ಕೆ, ಪೋಖರಾದಿಂದ ಕಾಠ್ಮಂಡುವಿಗೆ ತಲಾ 200 ಕಿಲೋಮೀಟರ್ ಆಸುಪಾಸು. ಒಂದೊಂದಕ್ಕೂ ಪೂರ್ತಿ ಒಂದು ದಿನ ಇಡಿ. ಲುಂಬಿನಿ, ಪೋಖರಾ, ಕಾಠ್ಮಂಡುವಿಗೆ ಏಳು ದಿನ, ಅನಿರೀಕ್ಷಿತಕ್ಕೆ ಮೂರು ದಿನ ಸೇರಿಸಿದರೆ ಇಪ್ಪತ್ತು ದಿನವಾಯಿತು. ಸುಮಾರು 3,700 ಮೀಟರ್ ಎತ್ತರದ ಮುಕ್ತಿನಾಥವನ್ನು ಎರಡನೆಯ ಪ್ರಯಾಣಕ್ಕೆ ಇಟ್ಟುಕೊಳ್ಳಿ.

ಅಷ್ಟು ರಜೆ ಸಿಗದಿದ್ದರೆ ಯಶವಂತಪುರದಿಂದ ಗೋರಖಪುರಕ್ಕೆ ನೇರ ರೈಲುಗಳಿವೆ. ಬೈಕನ್ನು ಪಾರ್ಸೆಲ್ ಮಾಡಬಹುದು. ಪೆಟ್ರೋಲ್ ಪೂರ್ತಿ ಖಾಲಿ ಮಾಡಿ ಪ್ಯಾಕ್ ಮಾಡಿಸಬೇಕು, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಕೊಡಬೇಕು.

ಕಾಗದಪತ್ರ

ಗುರುತಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ವಯಸ್ಕರಿಗೆ ಆಧಾರ್ ಒಂದನ್ನೇ ನಂಬಬೇಡಿ. ಆರ್‌ಸಿ, ಲೈಸೆನ್ಸ್, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ ಕೈಯಲ್ಲೇ ಇರಲಿ. ಫೋನಿನಲ್ಲಿರುವ ಡಿಜಿಲಾಕರ್ ಗಡಿಯಾಚೆ ನೆರವಾಗದು. ಗಾಡಿ ನಿಮ್ಮ ಹೆಸರಿನಲ್ಲಿದ್ದರೆ ಒಳ್ಳೆಯದು. ಅಣ್ಣನದೋ ಮಾವನದೋ ಆಗಿದ್ದರೆ ಅವರ ಒಪ್ಪಿಗೆ ಪತ್ರ, ಸಾಲವಿದ್ದರೆ ಬ್ಯಾಂಕಿನ ಪತ್ರ ಇಟ್ಟುಕೊಳ್ಳಿ.

ಬಹಳ ಜನ ಮರೆಯುವುದು ವಿಮೆಯನ್ನು. ನಮ್ಮ ಸಾಮಾನ್ಯ ವಾಹನ ವಿಮೆ ದೇಶದ ಗಡಿಗೇ ನಿಲ್ಲುತ್ತದೆ. ಹೆಚ್ಚುವರಿ ಪ್ರೀಮಿಯಂ ಕಟ್ಟಿ, ನೇಪಾಳವನ್ನು ಸೇರಿಸಿದ ಎಂಡಾರ್ಸ್‌ಮೆಂಟ್ ಬರೆಸಿಕೊಳ್ಳಿ. ಆಸ್ಪತ್ರೆ ಖರ್ಚಿಗೆ ಪ್ರಯಾಣ ವಿಮೆ ಬೇರೆ ಮಾಡಿಸಿ. ಅದರಲ್ಲಿ ಬೈಕ್ ಸವಾರಿಯ ಅಪಘಾತ ಸೇರಿದೆಯೇ ಎಂದು ಓದಿ ನೋಡಿ.

ಗಡಿಯಲ್ಲಿ

ಸುನೌಲಿ ದಾಟಿದ ಕೂಡಲೇ ನೇಪಾಳದ ಕಸ್ಟಮ್ಸ್ ಕಚೇರಿಯಲ್ಲಿ ಗಾಡಿಗೆ ‘ಭನ್ಸಾರ್’ ಮಾಡಿಸಬೇಕು. ದಾಖಲೆ ತೋರಿಸಿ, ಎಷ್ಟು ದಿನವೆಂದು ಹೇಳಿ, ದಿನದ ಲೆಕ್ಕದಲ್ಲಿ ಶುಲ್ಕ ಕಟ್ಟಿದರೆ ಚೀಟಿ ಕೊಡುತ್ತಾರೆ. ಅವಧಿ ಮೀರಿದರೆ ದಂಡ ಬೀಳುತ್ತದೆ. ರಸ್ತೆ ಬಂದ್ ಆದರೂ ಇರಲಿ ಎಂದು ಎರಡು ದಿನ ಹೆಚ್ಚಿಗೆ ಬರೆಸಿ. ಯಾರೂ ಕೇಳಲಿಲ್ಲವೆಂದು ಭನ್ಸಾರ್ ಇಲ್ಲದೆ ಮುಂದೆ ಹೋಗಬೇಡಿ. ನಮ್ಮ ಒಂದು ರೂಪಾಯಿಗೆ ಅಲ್ಲಿನ 1.60 ರೂಪಾಯಿ, ನೂರರ ನೋಟುಗಳಿದ್ದರೆ ಅನುಕೂಲ. ಫೋನಿಗೆ ರೋಮಿಂಗ್ ಅಥವಾ ಅಲ್ಲಿನ ಸಿಮ್ ಬೇಕು.

ಸವಾರ ಮತ್ತು ಗಾಡಿ

ಎರೆ ಹೊಲದ ನಡುವಿನ ನೇರ ರಸ್ತೆಯಲ್ಲಿ ಕಲಿತ ನಮಗೆ ಇಳಿಜಾರು ಹೊಸದು. ಲಗೇಜು ಕಟ್ಟಿಕೊಂಡು ಸಂಡೂರಿನ ಕುಮಾರಸ್ವಾಮಿ ಬೆಟ್ಟದ ದಾರಿಯಲ್ಲಿ ಅಭ್ಯಾಸ ಮಾಡಿ. ಇಳಿಯುವಾಗ ಕೆಳ ಗೇರಿನಲ್ಲಿ ಎಂಜಿನ್ನೇ ವೇಗ ತಡೆಯಲಿ; ಬ್ರೇಕ್ ಒತ್ತಿಯೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇನ್ನೊಮ್ಮೆ ಸಿಂಧನೂರು, ಲಿಂಗಸುಗೂರು ಮೇಲೆ ಕಲಬುರಗಿಗೆ ಹೋಗಿ, ಮರುದಿನವೇ ಮರಳಿ. ಎರಡನೆಯ ದಿನದ ಬೆನ್ನು, ಮಣಿಕಟ್ಟಿನ ನೋವು ನಿಮ್ಮ ನಿಜವಾದ ದಿನದ ದೂರವನ್ನು ಹೇಳುತ್ತದೆ. 150 ಸಿಸಿ ಗಾಡಿಯೂ ಸಾಕು. ಬಜಾಜ್, ಹೀರೋ ಬಿಡಿಭಾಗ ನೇಪಾಳದಲ್ಲಿ ಸಿಗುತ್ತವೆ. ಟೈರು, ಚೈನು, ಬ್ರೇಕ್ ಪ್ಯಾಡ್ ಹೊಸದಾಗಿರಲಿ. ಕ್ಲಚ್ ಕೇಬಲ್, ಪಂಕ್ಚರ್ ಕಿಟ್ ಜೊತೆಗಿರಲಿ.

ವಿಮಾನದಲ್ಲಿ ಹೋಗಿ ಬಾಡಿಗೆ ಬೈಕ್?

ಥಾಯ್ಲೆಂಡಿನಂಥ ಕಡೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಬಳ್ಳಾರಿ ಆರ್‌ಟಿಒಗೆ ನಮೂನೆ 4ಎ ಸಲ್ಲಿಸಿ ಪಡೆಯಬಹುದು. ಅವಧಿ ಒಂದು ವರ್ಷ. ಆದರೆ ನಮ್ಮದು 1949ರ ಜಿನೀವಾ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದು. ಅಲ್ಲಿ ಬಾಡಿಗೆಗೆ ಬೈಕು ಸಿಕ್ಕಿತೆಂದ ಮಾತ್ರಕ್ಕೆ ಓಡಿಸುವ ಹಕ್ಕು ಸಿಕ್ಕಂತಲ್ಲ. ಅಪಘಾತವಾದರೆ ವಿಮೆಯೂ ಕೈಬಿಡಬಹುದು.

ಮೂರು ತಿಂಗಳ ಮುಂಚೆ ಕಾಗದಪತ್ರ, ಎರಡು ತಿಂಗಳ ಮುಂಚೆ ಅಭ್ಯಾಸ, ತಿಂಗಳ ಮುಂಚೆ ಗಾಡಿಯ ಸರ್ವಿಸ್. ದಿನವಾರು ತಂಗುವ ಊರುಗಳ ಪಟ್ಟಿಯ ಒಂದು ಪ್ರತಿ ಮನೆಯಲ್ಲಿರಲಿ, ಪ್ರತಿ ಸಂಜೆ ಒಂದು ಫೋನು ಮಾಡಿ. ಕತ್ತಲಾದ ಮೇಲೆ ಬೆಟ್ಟದ ರಸ್ತೆಗೆ ಇಳಿಯದಿರುವ ನಿಯಮವನ್ನು ಮಾತ್ರ ಯಾರು ಒತ್ತಾಯಿಸಿದರೂ ಮುರಿಯಬೇಡಿ.