ತುಕ್ಕು ಮೊದಲು, ಶೋಕಿ ಆಮೇಲೆ

ಕೊಡಗಿನಲ್ಲಿ ಹಳೇ ಮಾರುತಿ ಜಿಪ್ಸಿ ಕೊಂಡವರಿಗೆ ಮೊದಲು ಹುಟ್ಟುವ ಆಸೆ ಮಿಲಿಟರಿ ಹಸಿರು ಬಣ್ಣದ್ದು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರ ನಾಡು ಇದು. ಅಪ್ಪನೋ ಚಿಕ್ಕಪ್ಪನೋ ಗಡಿಯಲ್ಲಿ ಇದೇ ಗಾಡಿಯಲ್ಲಿ ಓಡಾಡಿದ ಕತೆ ಕೇಳಿ ಬೆಳೆದವರಿಗೆ ಆ ಆಸೆ ಸಹಜ. ಆದರೆ ಕಾನೂನು ಒಪ್ಪುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗಷ್ಟೇ ಮೀಸಲು. ಬಿಳಿ ಬಳಿಸಿ, ನೀಲಿ ಬಳಿಸಿ, ಆರ್‌ಸಿಯಲ್ಲಿ ನಮೂದಿಸಿಕೊಳ್ಳಿ. ಆ ಹಸಿರು ಮಾತ್ರ ಬೇಡ.

ಒಳ್ಳೆಯ ಮೇಸ್ತ್ರಿಗಂತೂ ಬಣ್ಣದ ಚಿಂತೆಯೇ ಇರುವುದಿಲ್ಲ. ಗಾಡಿ ಗ್ಯಾರೇಜಿಗೆ ಬಂದ ಕೂಡಲೇ ಅವನು ಅಂಗಾತ ಮಲಗಿ ಅಡಿಗೆ ತೂರಿಕೊಳ್ಳುತ್ತಾನೆ. ಮಾಲೀಕ ಮೇಲಿನಿಂದ ಶುರುಮಾಡುತ್ತಾನೆ, ಮೇಸ್ತ್ರಿ ಕೆಳಗಿನಿಂದ. ಕಡಿಮೆ ಖರ್ಚಿನಲ್ಲಿ ಹಳೇ ಗಾಡಿಗೆ ಜೀವ ಕೊಡುವ ಕಸುಬೆಲ್ಲ ನಿಂತಿರುವುದು ಇವರಿಬ್ಬರಲ್ಲಿ ಯಾರ ಮಾತು ನಡೆಯುತ್ತದೆ ಎಂಬುದರ ಮೇಲೆ.

ಅಡಿಗೆ ಇಳಿಯುವ ಮುಂಚೆ, ಕೊಡಗಿನವರಿಗೆ ಜಿಪ್ಸಿಯೇ ಯಾಕೆಂದು ನೋಡೋಣ. ಹಳೆಯ ಜಪಾನಿ ಸ್ಪೋರ್ಟ್ಸ್ ಕಾರೆಂದರೆ ಜಗತ್ತಿಗೆ ನೆನಪಾಗುವುದು 1969ರ ಡಾಟ್ಸನ್ 240ಝಡ್, 1978ರ ಮಾಜ್ದಾ ಆರ್‌ಎಕ್ಸ್-7, 1983ರ ಟೊಯೋಟಾ ಎಇ86. ಗೋಣಿಕೊಪ್ಪ, ವಿರಾಜಪೇಟೆಯ ಹುಡುಗರ ಮೊಬೈಲಿನಲ್ಲೂ ಇವುಗಳ ಚಿತ್ರಗಳುಂಟು. ಇವು ಯಾವುವೂ ನಮ್ಮ ಶೋರೂಮುಗಳಿಗೆ ಬಂದವಲ್ಲ. ಬಳಸಿದ ಕಾರನ್ನು ಹೊರದೇಶದಿಂದ ತರಿಸುವುದಾದರೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದೆಂಬ ನಿಯಮವಿದೆ, ಅದರ ಮೇಲೆ ಕೈಸುಡುವ ಸುಂಕ. ಹಾಗಾಗಿ ಭಾರತದ ಮಧ್ಯಮ ವರ್ಗದ ಕೈಗೆಟುಕಿದ ಜಪಾನಿ ಹುರುಪೆಲ್ಲ ಸುಜುಕಿಯದೇ. ಬೆಂಗಳೂರು, ಮೈಸೂರಿನಲ್ಲಿ ಅದು ಹಳೇ ಜೆನ್, ಎಸ್ಟೀಮ್‌ಗಳ ರೂಪದಲ್ಲಿದೆ. ರೈಲು ಕಾಣದ, ರಸ್ತೆಗಿಂತ ತಿರುವೇ ಹೆಚ್ಚಿರುವ ಕೊಡಗಿನಲ್ಲಿ ಮಾತ್ರ ಅದು ಜಿಪ್ಸಿ.

ಜಿಪ್ಸಿಯನ್ನು ಸ್ಪೋರ್ಟ್ಸ್ ಕಾರ್ ಅನ್ನಬಹುದೇ ಎಂದು ಮೂಗು ಮುರಿಯುವವರಿದ್ದಾರೆ. ಅವರು ನಮ್ಮ ರ‍್ಯಾಲಿಗಳ ಇತಿಹಾಸ ನೋಡಬೇಕು. ರಾಷ್ಟ್ರೀಯ ಚಾಂಪಿಯನ್ ಹರಿ ಸಿಂಗ್ ಹೆಸರು ಮಾಡಿದ್ದು ಈ ಗಾಡಿಯಲ್ಲೇ. ರೇಡ್ ದ ಹಿಮಾಲಯದಂಥ ಕಠಿಣ ರ‍್ಯಾಲಿಗಳಿಗೆ ವರ್ಷಗಟ್ಟಲೆ ಸಾಲುಗಟ್ಟಿ ಬಂದದ್ದೂ ಇದೇ. ಕಾರಣ ಸರಳ: ತೂಕ ಸುಮಾರು ಒಂದು ಟನ್, ನಾಲ್ಕೂ ಚಕ್ರಕ್ಕೆ ಶಕ್ತಿ, ಕೆಟ್ಟರೆ ದಾರಿಬದಿಯಲ್ಲೇ ಬಿಚ್ಚಿ ಜೋಡಿಸಬಹುದಾದ ಸರಳ ಕಟ್ಟು. ಸೀಟು ಸುಖವಿಲ್ಲ, ಹಿಂದೆ ಕೂತವರಿಗೆ ಸೊಂಟ ನೆಟ್ಟಗಿರುವುದಿಲ್ಲ. ಆದರೂ ಕಾಫಿ ತೋಟದ ಕೆಸರು ದಾರಿಯಲ್ಲಿ ಮೂರನೇ ಗೇರಿನಲ್ಲಿ ನುಗ್ಗಿಸಿಕೊಂಡು ಹೋಗುವಾಗ ಇದು ಕೊಡುವ ಖುಷಿಯನ್ನು ಹತ್ತುಪಟ್ಟು ಬೆಲೆಯ ಗಾಡಿಗಳೂ ಕೊಡಲಾರವು.

ಇದರ ವಂಶಾವಳಿಯೂ ಸ್ವಾರಸ್ಯಕರ. ಜಪಾನಿನ ಹೋಪ್ ಮೋಟಾರ್ ಎಂಬ ಸಣ್ಣ ಕಂಪನಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಓಎನ್360 ಎಂಬ ಪುಟ್ಟ ಗಾಡಿ ಮಾಡಿ, ಮಾರಲಾಗದೆ ಕೈಚೆಲ್ಲಿತು. 1968ರಲ್ಲಿ ಅದರ ಹಕ್ಕನ್ನು ಸುಜುಕಿ ಕೊಂಡಿತು. ಕಂಪನಿಯೊಳಗೆ ಇದಕ್ಕಾಗಿ ಹಟ ಹಿಡಿದವರು ಒಸಾಮು ಸುಜುಕಿ. ಮಾರುತಿಯೊಂದಿಗೆ ಕೈಜೋಡಿಸಿ ಭಾರತಕ್ಕೆ ಬಂದವರೂ ಅವರೇ. 2024ರ ಡಿಸೆಂಬರಿನಲ್ಲಿ 94ರ ವಯಸ್ಸಿನಲ್ಲಿ ತೀರಿಕೊಂಡರು. 1970ರಲ್ಲಿ 359 ಸಿಸಿಯ ಟೂ ಸ್ಟ್ರೋಕ್ ಇಂಜಿನ್‌ನ ಮೊದಲ ಜಿಮ್ನಿ ಹೊರಬಂತು. ಅದರ ಮುಂದಿನ ತಲೆಮಾರಿನ ಎಸ್‌ಜೆ410 ಗಾಡಿಯನ್ನು ಉದ್ದ ಮಾಡಿ 1985ರ ಡಿಸೆಂಬರಿನಲ್ಲಿ ಮಾರುತಿ ನಮಗೆ ಕೊಟ್ಟದ್ದೇ ಜಿಪ್ಸಿ: 970 ಸಿಸಿ ಇಂಜಿನ್, ನಾಲ್ಕು ಗೇರು, ಸುಮಾರು 45 ಅಶ್ವಶಕ್ತಿ. 1993ರಲ್ಲಿ ಎಡ–ಬಲ ಚಕ್ರಗಳ ನಡುವಿನ ಅಗಲ 90 ಮಿ.ಮೀ. ಹೆಚ್ಚಿತು. 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್, ಐದು ಗೇರು. 2000ದಲ್ಲಿ ಕಾರ್ಬುರೇಟರ್ ಹೋಗಿ ಇಂಧನ ಚಿಮ್ಮಿಸುವ ಎಂಪಿಎಫ್‌ಐ ವ್ಯವಸ್ಥೆ ಬಂತು, ಶಕ್ತಿ 80ಕ್ಕೆ ಏರಿತು. 2019ರಲ್ಲಿ ಸಾರ್ವಜನಿಕರಿಗೆ ಮಾರಾಟ ನಿಂತಿತು. ನಾಲ್ಕು ವರ್ಷದ ನಂತರ ಅದರ ಜಾಗಕ್ಕೆ ಬಂದ ಐದು ಬಾಗಿಲಿನ ಜಿಮ್ನಿಯ ಆರಂಭದ ಬೆಲೆ ಬಿಡುಗಡೆಯ ಹೊತ್ತಿಗೆ 12.74 ಲಕ್ಷ ರೂಪಾಯಿ ಇತ್ತು. ಹಳೇ ಜಿಪ್ಸಿಗಳಿಗೆ ಮತ್ತೆ ಬೇಡಿಕೆ ಕುದುರಿದ್ದು ಯಾಕೆಂದು ಈ ಅಂಕಿಯೇ ಹೇಳುತ್ತದೆ.

ಈಗ ಮೇಸ್ತ್ರಿಯ ಹಿಂದೆಯೇ ನಾವೂ ಗಾಡಿಯ ಅಡಿಗೆ ಇಳಿಯೋಣ.

ಜಿಪ್ಸಿಯ ಬಾಡಿ ಬೇರೆ, ಚಾಸಿ ಬೇರೆ. ನಡುವೆ ರಬ್ಬರ್ ಬುಷ್ ಇಟ್ಟು ಬೋಲ್ಟಿನಲ್ಲಿ ಬಿಗಿದಿರುತ್ತಾರೆ. ತುಕ್ಕು ಶುರುವಾಗುವುದು ಹೆಚ್ಚಾಗಿ ಈ ಬೋಲ್ಟುಗಳ ಬುಡದಲ್ಲಿ, ಮುಂದಿನ ಚಕ್ರದ ಹಿಂಬದಿಯ ಮೂಲೆಯಲ್ಲಿ, ಕಾಲಿಡುವ ತಗಡಿನಲ್ಲಿ, ಮುಂಗಾಜಿನ ಚೌಕಟ್ಟಿನ ಕೆಳಗೆ. ಮಳೆ ಬೀಳುವ ಎಲ್ಲ ಊರಿನಲ್ಲೂ ಇಷ್ಟು ಆಗುತ್ತದೆ. ಕೊಡಗಿನ ತೋಟದ ಗಾಡಿಗೆ ಇನ್ನೆರಡು ಶತ್ರುಗಳಿವೆ. ಒಂದು ಗೊಬ್ಬರ. ಮಳೆಗೆ ಮುಂಚೆ ಪೊಟ್ಯಾಷ್ ಚೀಲಗಳನ್ನು ಹಿಂಬದಿಗೆ ತುಂಬಿ ತೋಟ ಸುತ್ತಿಸಿದ ಗಾಡಿಯಲ್ಲಿ ಚೀಲದಿಂದ ಉದುರಿದ ಪುಡಿ ಮೂಲೆ ಸೇರುತ್ತದೆ. ಅದು ಕ್ಲೋರೈಡ್ ಉಪ್ಪು; ತೇವ ಹೀರಿಕೊಂಡು ತಗಡನ್ನು ತಿನ್ನುತ್ತ ಕೂರುತ್ತದೆ. ಇನ್ನೊಂದು ಮೈಲುತುತ್ತು. ಮೆಣಸಿನ ಬಳ್ಳಿಗೆ, ಕಾಫಿಗೆ ಹೊಡೆಯುವ ಬೋರ್ಡೋ ದ್ರಾವಣದ ಡ್ರಮ್ಮು ಸಾಗಿಸಿದ ಗಾಡಿಯ ಹಿಂಭಾಗ ನೋಡಿದರೆ ಗೊತ್ತಾಗುತ್ತದೆ. ತಾಮ್ರದ ಸಲ್ಫೇಟಿಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲವೆಂಬುದನ್ನು ಶಾಲೆಯ ರಸಾಯನಶಾಸ್ತ್ರದಲ್ಲಿ ಓದಿದ್ದು ಅಲ್ಲಿ ಕಣ್ಣೆದುರಿಗಿರುತ್ತದೆ. ಹೀಗಾಗಿ ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಓಡಿದೆ ಎಂಬುದಕ್ಕಿಂತ ಹಿಂಬದಿಯಲ್ಲಿ ಏನು ಹೊತ್ತಿದೆ ಎಂದು ಕೇಳುವುದು ಇಲ್ಲಿ ಜಾಣತನ.

ಬಜೆಟ್ಟಿನ ದೊಡ್ಡ ಪಾಲು ಹೋಗಬೇಕಾದದ್ದು ಇಲ್ಲಿಗೇ, ಟಿಂಕರಿಂಗ್ ಕೆಲಸಕ್ಕೆ. ಸರಿಯಾದ ಕ್ರಮವೆಂದರೆ ಬಾಡಿಯನ್ನು ಪೂರ್ತಿ ಎತ್ತಿ ಇಳಿಸುವುದು, ಚಾಸಿಯನ್ನು ಕೆರೆದು ಸುತ್ತಿಗೆಯಲ್ಲಿ ತಟ್ಟಿ ನೋಡುವುದು, ಸತ್ತ ತಗಡನ್ನು ಒಳ್ಳೆಯ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು ಹೊಸದನ್ನು ಬೆಸೆಯುವುದು, ಆಮೇಲೆ ಪ್ರೈಮರ್. ಹೊರಗಿನ ಮೈಗಿಂತ ಚಾಸಿಯ ಒಳಟೊಳ್ಳಿಗೆ ತುಕ್ಕುನಿರೋಧಕ ಮೇಣ ಹೊಡೆಸುವುದು ಮುಖ್ಯ. ಚಾಸಿ ಕೊಳೆಯುವುದು ಒಳಗಿನಿಂದ. ಕಳ್ಳದಾರಿಯೂ ಇದೆ: ತೂತಿನ ಮೇಲೊಂದು ತಗಡಿನ ತೇಪೆ, ಮೇಲೆ ಪುಟ್ಟಿ, ಅದರ ಮೇಲೆ ಕಪ್ಪು ಅಂಡರ್‌ಕೋಟ್. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತೇಪೆಯ ಸುತ್ತಲೇ ಹೊಸ ತೂತು ಬೀಳುತ್ತದೆ. ಮಾರುವ ಉದ್ದೇಶದಿಂದ ಮಾಡಿಸಿದ ರಿಸ್ಟೋರೇಷನ್‌ಗಳಲ್ಲಿ ಈ ಕಳ್ಳದಾರಿಯೇ ಹೆಚ್ಚು ಎಂಬುದು ನನ್ನ ಗುಮಾನಿ.

ಈ ಕೆಲಸಕ್ಕೆ ಕೊಡಗಿನದೇ ಒಂದು ಪಂಚಾಂಗವೂ ಇದೆ. ಕಾಫಿ ಕೊಯ್ದು ಮಾರಿದ ಮೇಲೆ ಕೈಯಲ್ಲಿ ಕಾಸು. ಆದರೆ ಜೂನ್ ಬಂದರೆ ಪೇಂಟಿಂಗ್ ಕೆಟ್ಟಿತೆಂದೇ ಅರ್ಥ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಹೊಡೆದ ಬಣ್ಣ ಹೊಳಪು ಕಳೆದುಕೊಂಡು ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಬಣ್ಣ ಒಣಗಿಸುವ ಬಿಸಿ ಬೂತ್ ಇಲ್ಲದ ಸಣ್ಣ ಗ್ಯಾರೇಜಿನವರು ಮಳೆಗಾಲದಲ್ಲಿ ಇಂಜಿನ್, ಗೇರ್‌ಬಾಕ್ಸ್ ಬಿಚ್ಚಿಟ್ಟುಕೊಂಡು, ಬಣ್ಣದ ಕೆಲಸವನ್ನು ಬಿಸಿಲಿನ ತಿಂಗಳುಗಳಿಗೆ ಮುಂದೂಡುವುದು ಸೋಮಾರಿತನದಿಂದಲ್ಲ. ಎರಡು ತಿಂಗಳಲ್ಲಿ ಕೊಡಿ ಎಂದು ಕಾಡುವ ಮಾಲೀಕನೇ ತನ್ನ ಗಾಡಿ ಹಾಳುಮಾಡಿಕೊಳ್ಳುತ್ತಾನೆ.

ಇಂಜಿನ್ ವಿಷಯದಲ್ಲಿ ಹೆದರಿಕೆ ಬೇಡ. ಜಿಪ್ಸಿ ಕಿಂಗ್‌ನ 1.3 ಲೀಟರ್ ಇಂಜಿನ್ 1994ರಿಂದ ರಸ್ತೆಯಲ್ಲಿದ್ದ ಮಾರುತಿ ಎಸ್ಟೀಮ್‌ನ ಒಡಹುಟ್ಟು. ಎಸ್ಟೀಮ್‌ಗಳು ದೇಶದ ತುಂಬ ಗುಜರಿ ಸೇರಿವೆ. ಹಾಗಾಗಿ ಪಿಸ್ಟನ್, ರಿಂಗು, ಬೇರಿಂಗ್, ಗ್ಯಾಸ್ಕೆಟ್‌ಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯೋ ಶಿವಾಜಿನಗರದ ಗುಜರಿಯೋ ಸಾಕು. ಬೋರ್ ಮಾಡಿಸುವ ಲೇತ್ ಕೆಲಸ ಮೈಸೂರಿನಲ್ಲೇ ಆಗುತ್ತದೆ. ಒಂದು ಎಚ್ಚರ ಬೇಕು. ಎಸ್ಟೀಮ್‌ನಲ್ಲಿ ಇಂಜಿನ್ ಅಡ್ಡಕ್ಕೆ ಕೂತಿದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಆದ್ದರಿಂದ ಒಳಗಿನ ಸಾಮಾನು ಹೊಂದಿದರೂ ಆಯಿಲ್ ಸಂಪ್, ಮೌಂಟಿಂಗ್, ಮ್ಯಾನಿಫೋಲ್ಡ್‌ಗಳು ಹೊಂದುವುದಿಲ್ಲ. ಇಡೀ ಎಸ್ಟೀಮ್ ಇಂಜಿನ್ ತಂದು ಕೂರಿಸಿಬಿಡುವೆ ಎನ್ನುವವನಿಗೆ ಮೊದಲು ಈ ಪ್ರಶ್ನೆ ಹಾಕಿ. 970 ಸಿಸಿಯ ಹಳೇ ಇಂಜಿನ್ ಇರುವ ಗಾಡಿಯಾದರೆ ಮುಕ್ಕಾಲುಪಾಲು ರೋಗ ಕಾರ್ಬುರೇಟರಿನದು. ಇಂಜಿನ್ ಇಳಿಸುವ ಮುಂಚೆ ಕಂಪ್ರೆಶನ್ ನೋಡಿಸಿ. ಅದು ಸರಿಯಿದ್ದರೆ ಜೆಟ್ ತೊಳೆದು ಟ್ಯೂನ್ ಮಾಡಿದರೆ ಸಾಕಾದೀತು.

ಮುಂದಿನ ಆಕ್ಸಲ್‌ನ ಎರಡೂ ತುದಿಯ ಗುಂಡು ಭಾಗ, ಅಂದರೆ ನಕಲ್, ತಪ್ಪದೆ ಬಿಚ್ಚಿಸಬೇಕು. ಅಲ್ಲಿನ ಸೀಲು ಹೋಗಿ ಕೆಸರುನೀರು ಒಳಹೊಕ್ಕರೆ ಕಿಂಗ್‌ಪಿನ್ ಬೇರಿಂಗ್ ಸವೆಯುತ್ತದೆ. ಆಮೇಲೆ ಗಂಟೆಗೆ ಐವತ್ತು ಅರವತ್ತರ ವೇಗದಲ್ಲಿ ಸಣ್ಣ ಗುಂಡಿ ಸಿಕ್ಕರೂ ಸ್ಟೀರಿಂಗ್ ಕೈಯಲ್ಲೇ ಥರಗುಟ್ಟುತ್ತದೆ. ಜನ ಚಕ್ರ ಬ್ಯಾಲೆನ್ಸ್ ಮಾಡಿಸುತ್ತಾರೆ, ಹೊಸ ಟೈರು ಹಾಕಿಸುತ್ತಾರೆ. ರೋಗ ಎಲ್ಲೋ, ಮದ್ದು ಎಲ್ಲೋ. ಬೇರಿಂಗಿನ ಬೆಲೆ ಒಂದು ಟೈರಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

ಟೈರಿನ ಮಾತು ಬಂತಲ್ಲ, ಶೋಕಿಗೆ ಬರೋಣ. ಎಲ್ಲರಿಗೂ ಬೇಕಾದದ್ದು ದಪ್ಪ ಟೈರು, ಎತ್ತರಿಸಿದ ಸ್ಪ್ರಿಂಗ್ ಪ್ಲೇಟು, ಮುಂದೊಂದು ಕಬ್ಬಿಣದ ಬಂಪರು, ಅದರ ಮೇಲೆ ವಿಂಚು. 205 ಅಗಲದ ಮೂಲ ಟೈರಿಗೆ ಬದಲು ದೊಡ್ಡ ಟೈರು ಹಾಕಿದಿರಿ ಎನ್ನಿ. ಇಂಜಿನ್ ಅದೇ, ಗೇರು ಅದೇ; ಚಕ್ರ ಮಾತ್ರ ಭಾರ. ಭಾಗಮಂಡಲದ ಏರಿನಲ್ಲಿ ಎರಡನೇ ಗೇರಿಗೆ ಇಳಿಯದೆ ಗತಿಯಿಲ್ಲ, ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಬ್ರೇಕಿಗೆ ಹೆಚ್ಚು ಹೊರೆ. ಹಗುರವೇ ಈ ಗಾಡಿಯ ಬಲ, ಅದರ ಮೇಲೆ ಕಬ್ಬಿಣ ಹೇರುವುದು ಯಾವ ಬುದ್ಧಿವಂತಿಕೆ? ದುಡ್ಡಿದ್ದರೆ ಒಳ್ಳೆಯ ಶಾಕ್ ಅಬ್ಸಾರ್ಬರ್, ಹೊಸ ಬುಷ್‌ಗಳು, ಬೆನ್ನಿಗೆ ಆನಿಸುವ ಸೀಟು ಹಾಕಿಸಿ. ಕ್ಯಾನ್ವಾಸ್ ಹುಡ್ಡನ್ನು ಅಳತೆಗೆ ಹೊಲಿಯುವ ಕೈಗಳು ಜೀಪಿನ ಕಾಲದಿಂದಲೂ ಕೊಡಗಿನ ಪೇಟೆಗಳಲ್ಲಿವೆ. ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪುಗಳಿಂದಾಗಿ ಆ ಕೈಗಳಿಗೆ ಇನ್ನೂ ಕೆಲಸವಿದೆ.

ಕಾನೂನೂ ಮೂಲರೂಪದ ಪರವಾಗಿಯೇ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಹೇಳಿತು. ಇಂಜಿನ್ ಬದಲಿಸಿದರೆ ಆರ್‌ಟಿಒ ಒಪ್ಪಿಗೆ ಪಡೆದು ಹೊಸ ನಂಬರನ್ನು ಆರ್‌ಸಿಗೆ ಸೇರಿಸಬೇಕು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ಮೀರಿದವುಗಳಿಗೆ 2025ರಲ್ಲಿ 10,000ಕ್ಕೆ ಏರಿತು. ರಾಜ್ಯದ ಹಸಿರು ತೆರಿಗೆ ಬೇರೆ. ಬಜೆಟ್ ಬರೆಯುವಾಗ ಇದನ್ನು ಮೊದಲ ಸಾಲಿನಲ್ಲೇ ಬರೆದುಕೊಳ್ಳಿ. ವಿಂಟೇಜ್ ವಾಹನಗಳಿಗೆಂದು 2021ರಲ್ಲಿ ಬಂದ ಪ್ರತ್ಯೇಕ ನೋಂದಣಿ 50 ವರ್ಷ ತುಂಬಿದವುಗಳಿಗೆ ಮಾತ್ರ. ಅದೂ ಚಾಸಿ, ಬಾಡಿ, ಇಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಮೊದಲ ಜಿಪ್ಸಿಗೆ 50 ತುಂಬುವುದು 2035ರಲ್ಲಿ. ಅಲ್ಲಿಯವರೆಗೆ ಮೂಲ ಬಿಡಿಭಾಗಗಳನ್ನು ಗುಜರಿಗೆ ಹಾಕದೆ ಅಟ್ಟದ ಮೇಲೆ ಎತ್ತಿಟ್ಟವರೇ ಗೆದ್ದರು.

ಕೊಳ್ಳುವ ಮನಸ್ಸಿದ್ದರೆ ಬಿಸಿಲಿನಲ್ಲಿ ತೊಳೆದು ನಿಲ್ಲಿಸಿದ ಗಾಡಿ ನೋಡಲು ಹೋಗಬೇಡಿ, ಮಳೆಗಾಲದಲ್ಲೇ ಹೋಗಿ. ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತವೊಂದು ಜೇಬಿನಲ್ಲಿರಲಿ. ಅದು ಅಂಟದ ಕಡೆಯೆಲ್ಲ ತಗಡಿಲ್ಲ, ಪುಟ್ಟಿಯಿದೆ. ಕಾಲಡಿಯ ಮ್ಯಾಟ್ ಎತ್ತಿ ನೋಡಿ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಲೀವರ್ ಹಾಕಿ ಓಡಿಸಿ ನೋಡಿ. ಕೊಡಗಿನದೇ ಕೆಎ-12 ನಂಬರಿನ ಗಾಡಿಯೇ ಆಗಲಿ, ಸೇನೆಯ ಹರಾಜಿನಿಂದ ಬಂದದ್ದೇ ಆಗಲಿ, ಚಾಸಿ ಮೇಲೆ ಕೊರೆದ ನಂಬರನ್ನು ಕಣ್ಣಾರೆ ಓದಿ ಆರ್‌ಸಿಗೆ ತಾಳೆ ನೋಡುವವರೆಗೆ ಒಂದು ರೂಪಾಯಿ ಅಡ್ವಾನ್ಸನ್ನೂ ಕೊಡಬೇಡಿ.